ಬೀಗ ಬದಲಿಸಲು ಇಡೀ ಕಟ್ಟಡದ ಮರುಪರೀಕ್ಷೆ ಏಕೆ?

2019ರ ಫೆಬ್ರವರಿ 27ರ ಬೆಳಿಗ್ಗೆ ಕಾಶ್ಮೀರದ ಬಡಗಾಮ್‌ನಲ್ಲಿ ಭಾರತೀಯ ವಾಯುಪಡೆಯ ಎಂಐ-17 ವಿ5 ಹೆಲಿಕಾಪ್ಟರ್ ಒಂದು ನೆಲಕ್ಕುರುಳಿತು. ಅದರಲ್ಲಿದ್ದ ಆರು ಮಂದಿ ವಾಯುಪಡೆ ಸಿಬ್ಬಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಅಸುನೀಗಿದರು. ಪಾಕಿಸ್ತಾನದ ಯುದ್ಧ ವಿಮಾನಗಳು ಗಡಿಯತ್ತ ನುಗ್ಗಿದ್ದ ಹೊತ್ತು ಅದು. ಆದರೆ ಹೆಲಿಕಾಪ್ಟರನ್ನು ಉರುಳಿಸಿದ್ದು ನಮ್ಮದೇ ಕ್ಷಿಪಣಿ. ಅದೇ ವರ್ಷ ಅಕ್ಟೋಬರಿನಲ್ಲಿ ಆಗಿನ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅವರು ಇದು ತಮ್ಮ ಕಡೆಯಿಂದಾದ ದೊಡ್ಡ ತಪ್ಪೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ಸರ್ಕಾರಿ ವ್ಯವಸ್ಥೆಯಲ್ಲಿ ಅಪರೂಪವಾದ ಆ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ವಿಚಾರಣೆಯ ಬಗೆಗೆ ಪ್ರಕಟವಾದ ವರದಿಗಳು ಮುಖ್ಯವಾಗಿ ಬೊಟ್ಟು ಮಾಡಿದ್ದು ಸಂವಹನ ಮತ್ತು ಸಮನ್ವಯದ ಲೋಪದತ್ತ. ಹಾರುತ್ತಿರುವುದು ನಮ್ಮ ವಿಮಾನವೋ ಶತ್ರುವಿನದೋ ಎಂದು ತಿಳಿಸುವ ‘ಐಎಫ್‌ಎಫ್’ ಸಾಧನ ಹೆಲಿಕಾಪ್ಟರಿನಲ್ಲಿ ಚಾಲನೆಯಲ್ಲಿರಲಿಲ್ಲ ಎಂದೂ ಅವು ಹೇಳಿದವು. ಈ ಸಾಧನ ಕೆಲಸ ಮಾಡುವ ಬಗೆ ಸರಳವಾದದ್ದು. ನೆಲದ ಕೇಂದ್ರ ಗೂಢ ಸಂಕೇತದಲ್ಲಿ ಪ್ರಶ್ನೆ ಕೇಳುತ್ತದೆ. ಸರಿಯಾದ ಕೀಲಿ ತುಂಬಿಕೊಂಡಿರುವ ವಿಮಾನ ಅದೇ ಗೂಢ ಸಂಕೇತದಲ್ಲಿ ಉತ್ತರ ಕೊಡುತ್ತದೆ. ಉತ್ತರ ಬಾರದಿದ್ದರೆ ಅನುಮಾನ ಹುಟ್ಟುತ್ತದೆ. ಅಂದೇ ಗಡಿಯ ಮೇಲಿನ ಕಾಳಗದಲ್ಲಿ ಮಿಗ್-21 ಬೈಸನ್ ವಿಮಾನದ ಪೈಲಟ್‌ಗೆ ಹಿಂದಿರುಗುವಂತೆ ಕೊಟ್ಟ ಸೂಚನೆ, ಶತ್ರು ಒಡ್ಡಿದ ರೇಡಿಯೊ ಅಡಚಣೆಯಿಂದ ತಲುಪಲಿಲ್ಲವೆಂದು ಪತ್ರಿಕೆಗಳು ಬರೆದವು. ಗೂಢ ಸಂವಹನವೆಂದರೆ ರಹಸ್ಯ ಕಾಯುವ ವ್ಯವಸ್ಥೆ ಮಾತ್ರ ಎಂದು ತಿಳಿದಿದ್ದವರಿಗೆ ಆ ಒಂದು ಬೆಳಗು ಬೇರೆಯದನ್ನೇ ತೋರಿಸಿತು. ಅದು ಪ್ರಾಣ ಕಾಯುವ ವ್ಯವಸ್ಥೆಯೂ ಹೌದು.

ಹಾಗಿದ್ದ ಮೇಲೆ ಇಂತಹ ಸಾಧನಗಳು ವಿಮಾನಗಳನ್ನು ಸೇರುವುದು ಏಕೆ ಇಷ್ಟು ನಿಧಾನ? ಹಣದ ಕೊರತೆ, ಆಮದಿನ ಅಡೆತಡೆ, ಖರೀದಿ ಸಮಿತಿಗಳ ಮಂದಗತಿ ಇವೆಲ್ಲ ಕಾರಣಗಳೇ. ಆದರೆ ಸಾರ್ವಜನಿಕ ಚರ್ಚೆಗೆ ಅಷ್ಟಾಗಿ ಬಾರದ ಇನ್ನೊಂದು ಕಾರಣವಿದೆ. ಅದು ಪ್ರಮಾಣೀಕರಣಕ್ಕೆ ಸಂಬಂಧಿಸಿದ್ದು.

ಕನ್ನಡದಲ್ಲಿ ನಾವು ‘ಸುರಕ್ಷತೆ’ ಮತ್ತು ‘ಭದ್ರತೆ’ ಎಂಬ ಪದಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುತ್ತೇವೆ. ವಿಮಾನ ಶಾಸ್ತ್ರದಲ್ಲಿ ಹಾಗೆ ಮಾಡುವಂತಿಲ್ಲ. ಯಂತ್ರ ತಾನಾಗಿ ಕೆಟ್ಟು ಅನಾಹುತವಾಗದಂತೆ ನೋಡಿಕೊಳ್ಳುವುದು ಸುರಕ್ಷತೆ. ಬೇರೆಯವರು ಬೇಕೆಂದೇ ಕೆಡಿಸದಂತೆ, ಕದ್ದು ಕೇಳದಂತೆ ನೋಡಿಕೊಳ್ಳುವುದು ಭದ್ರತೆ. ಎರಡಕ್ಕೂ ಬೇರೆ ಬೇರೆ ಪರೀಕ್ಷಕರು, ಬೇರೆ ಬೇರೆ ನಿಯಮಾವಳಿ. ಹೆಚ್ಚಿನ ತೊಡಕೆಂದರೆ, ಎರಡರ ಸ್ವಭಾವವೇ ಪರಸ್ಪರ ವಿರುದ್ಧ.

ಸುರಕ್ಷತೆಯ ಪರೀಕ್ಷಕ ಬದಲಾವಣೆಯನ್ನು ಒಲ್ಲ. ವಿಮಾನದ ತಂತ್ರಾಂಶಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮಾನದಂಡ ‘ಡಿಒ-178’. ಅದರ ‘ಬಿ’ ಆವೃತ್ತಿ 1992ರಲ್ಲಿ, ‘ಸಿ’ ಆವೃತ್ತಿ 2011ರಲ್ಲಿ ಹೊರಬಂದವು. ತಂತ್ರಾಂಶ ಕೆಟ್ಟರೆ ಎಷ್ಟು ಅನಾಹುತವಾದೀತು ಎಂಬುದನ್ನು ನೋಡಿ ಅದನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳಲ್ಲಿ ಇರಿಸುತ್ತಾರೆ. ವಿಮಾನವನ್ನೇ ಕಳೆದುಕೊಳ್ಳಬಹುದಾದ ಕಡೆ ‘ಎ’ ದರ್ಜೆ. ಅಲ್ಲಿ ಈಡೇರಿಸಬೇಕಾದ ಗುರಿಗಳು 71; ಪ್ರತಿಯೊಂದು ನಿರ್ಧಾರದ ಪ್ರತಿಯೊಂದು ಷರತ್ತೂ ಸ್ವತಂತ್ರವಾಗಿ ಫಲಿತಾಂಶವನ್ನು ಬದಲಿಸುತ್ತದೆಂದು ಪರೀಕ್ಷೆಯ ಮೂಲಕ ತೋರಿಸಬೇಕು. ಇಂತಹ ವ್ಯವಸ್ಥೆಗಳ ಸಂಪೂರ್ಣ ವೈಫಲ್ಯ ನೂರು ಕೋಟಿ ಹಾರಾಟದ ಗಂಟೆಗಳಲ್ಲಿ ಒಮ್ಮೆಗಿಂತ ಹೆಚ್ಚಿರಬಾರದು ಎಂಬುದು ನಾಗರಿಕ ವಿಮಾನಯಾನದ ಅಪೇಕ್ಷೆ. ಹೀಗೆ ಸಾವಿರಾರು ಪುಟಗಳ ಸಾಕ್ಷ್ಯದೊಡನೆ ಒಪ್ಪಿಗೆ ಪಡೆದ ತಂತ್ರಾಂಶದಲ್ಲಿ ಒಂದು ಸಾಲನ್ನು ತಿದ್ದಿದರೂ ಅದರ ಪರಿಣಾಮ ಎಲ್ಲೆಲ್ಲಿಗೆ ಮುಟ್ಟುತ್ತದೆಂದು ಮತ್ತೆ ತೋರಿಸಬೇಕು.

ಭದ್ರತೆಯ ಪರೀಕ್ಷಕನಿಗೆ ಬದಲಾಗದಿರುವುದೇ ಭಯ. 1977ರಲ್ಲಿ ಅಮೆರಿಕ ಮಾನದಂಡವೆಂದು ಅಂಗೀಕರಿಸಿದ ‘ಡಿಇಎಸ್’ ಗೂಢಲಿಪಿಯನ್ನು 1998ರಲ್ಲಿ ಒಂದು ವಿಶೇಷ ಯಂತ್ರ ಮೂರು ದಿನಗಳೊಳಗೆ ಭೇದಿಸಿತು. 2005ರಲ್ಲಿ ಆ ಮಾನದಂಡವನ್ನೇ ಹಿಂತೆಗೆದುಕೊಳ್ಳಲಾಯಿತು. 2001ರಲ್ಲಿ ‘ಎಇಎಸ್’ ಬಂತು. ಕ್ವಾಂಟಮ್ ಕಂಪ್ಯೂಟರುಗಳ ಭೀತಿಯಿಂದ 2024ರ ಆಗಸ್ಟ್‌ನಲ್ಲಿ ಮತ್ತೆ ಮೂರು ಹೊಸ ಮಾನದಂಡಗಳು ಪ್ರಕಟವಾದವು. ನಮ್ಮ ಮಿಗ್-21 ವಿಮಾನ 1963ರಲ್ಲಿ ಸೇವೆಗೆ ಸೇರಿ 2025ರ ಸೆಪ್ಟೆಂಬರಿನಲ್ಲಿ ಚಂಡೀಗಢದಲ್ಲಿ ನಿವೃತ್ತಿಯಾಯಿತು. ಒಂದೇ ವಿಮಾನ ಮಾದರಿಯ ಅರವತ್ತೆರಡು ವರ್ಷಗಳ ಆಯುಸ್ಸಿನಲ್ಲಿ ಗೂಢಲಿಪಿಯ ಒಂದು ಪೀಳಿಗೆ ಹುಟ್ಟಿ, ಬೆಳೆದು, ಸತ್ತೇಹೋಯಿತು. ಇಂದು ಹಾರುತ್ತಿರುವ ತೇಜಸ್ ವಿಮಾನ ಇನ್ನು ಮೂವತ್ತು ವರ್ಷ ಸೇವೆಯಲ್ಲಿರುವುದಾದರೆ ಅದರ ಗೂಢಲಿಪಿಯನ್ನು ಹಲವು ಬಾರಿ ಬದಲಿಸಬೇಕಾಗುತ್ತದೆ ಎಂಬುದು ಖಚಿತ.

ಕೆಟ್ಟಾಗ ಹೇಗೆ ವರ್ತಿಸಬೇಕು ಎಂಬಲ್ಲಿಯೂ ಈ ವೈರುಧ್ಯವಿದೆ. ಗೂಢಲಿಪಿ ಯಂತ್ರಕ್ಕೆ ತನ್ನೊಳಗೆ ಏನೋ ಸರಿಯಿಲ್ಲವೆಂಬ ಸಂಶಯ ಬಂದರೆ ಅದು ಕೀಲಿಗಳನ್ನು ಅಳಿಸಿ ಮೌನವಾಗಬೇಕು. ಅರ್ಧಮರ್ಧ ಕೆಟ್ಟು ರಹಸ್ಯವನ್ನು ಬಹಿರಂಗವಾಗಿ ಬಿತ್ತರಿಸುವುದಕ್ಕಿಂತ ಮೌನವೇ ಮೇಲು. ಆದರೆ ಎಂಜಿನ್ ಕೆಟ್ಟು ಮೋಡದೊಳಗೆ ಇಳಿಯುತ್ತಿರುವ ಪೈಲಟ್‌ಗೆ ಆ ಮೌನವೇ ಮೃತ್ಯುವಾಗಬಲ್ಲದು. 2001ರ ಏಪ್ರಿಲ್ 1ರಂದು ಅಮೆರಿಕದ ನೌಕಾಪಡೆಯ ಇಪಿ-3 ಬೇಹುಗಾರಿಕೆ ವಿಮಾನ ಚೀನಾದ ಯುದ್ಧ ವಿಮಾನಕ್ಕೆ ಡಿಕ್ಕಿಯಾಗಿ ಹೈನಾನ್ ದ್ವೀಪದಲ್ಲಿ ತುರ್ತಾಗಿ ಇಳಿಯಿತು. ಅದರಲ್ಲಿದ್ದ 24 ಮಂದಿ ಒಂದೆಡೆ ಅಪಾಯದ ಕರೆಗಳನ್ನು ಬಹಿರಂಗ ತರಂಗಾಂತರದಲ್ಲಿ ಕೂಗಿ ಹೇಳುತ್ತ, ಇನ್ನೊಂದೆಡೆ ಗೂಢ ಸಾಧನಗಳನ್ನೂ ದಾಖಲೆಗಳನ್ನೂ ಕೈಗೆ ಸಿಕ್ಕಿದ್ದರಿಂದ ಒಡೆದು ಹಾಳುಮಾಡಬೇಕಾಯಿತು. ಒಂದೇ ವಿಮಾನದಲ್ಲಿ ಒಂದೇ ಹೊತ್ತಿಗೆ ಎರಡು ಧರ್ಮಗಳ ಪಾಲನೆ!

ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ತಂತ್ರಾಂಶದಲ್ಲಿ ಬೆರೆಸಿಟ್ಟರೆ ಏನಾಗುತ್ತದೆ? ಇಲ್ಲಿ ಸ್ವಲ್ಪ ಅರ್ಥಶಾಸ್ತ್ರ ನೆರವಾದೀತು. ಗೂಢಲಿಪಿಯಲ್ಲಿ ಮಾಡುವ ಬದಲಾವಣೆಯ ನಿಜವಾದ ವೆಚ್ಚ ಅಲ್ಪವಿರಬಹುದು. ಆದರೆ ಅದರೊಂದಿಗೆ ಸುರಕ್ಷತೆಯ ಮರುಪರೀಕ್ಷೆಯ ಸ್ಥಿರ ವೆಚ್ಚವೂ ತಗುಲಿಕೊಳ್ಳುತ್ತದೆ. ಬದಲಾವಣೆ ಸಣ್ಣದಾದರೂ ದೊಡ್ಡದಾದರೂ ಆ ಸ್ಥಿರ ವೆಚ್ಚ ಹೆಚ್ಚುಕಡಿಮೆ ಒಂದೇ. ಆಗ ಯೋಜನಾ ನಿರ್ದೇಶಕನ ಸ್ಥಾನದಲ್ಲಿ ಯಾರೇ ಇದ್ದರೂ ಸಣ್ಣ ಬದಲಾವಣೆಗಳನ್ನು ಮುಂದೂಡಿ, ಐದಾರನ್ನು ಒಟ್ಟುಗೂಡಿಸಿ, ಮುಂದಿನ ದೊಡ್ಡ ನವೀಕರಣಕ್ಕೆ ಸೇರಿಸುತ್ತಾನೆ. ಅವನ ಲೆಕ್ಕದಲ್ಲಿ ಅದು ಸರಿಯೇ. ಅಷ್ಟು ಕಾಲ ಹಳೆಯ ಕೀಲಿಯೊಂದಿಗೆ ಹಾರುವ ನಷ್ಟ ಮಾತ್ರ ಅವನ ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ. ಅದು ಬರುವುದು ಗಡಿಯಲ್ಲಿ ಹಾರುವವನ ಖಾತೆಗೆ. ವೆಚ್ಚ ಒಬ್ಬನದು, ಅಪಾಯ ಮತ್ತೊಬ್ಬನದು ಆದಾಗ ಮಾರುಕಟ್ಟೆಯಲ್ಲಾಗಲಿ ಸರ್ಕಾರದಲ್ಲಾಗಲಿ ಫಲಿತಾಂಶ ಒಳ್ಳೆಯದಿರುವುದಿಲ್ಲ.

ಇದನ್ನು ಓದುವಾಗ ನನಗೆ ಸೇವೆಯ ಆರಂಭದ ದಿನಗಳ ಒಂದು ಉಪಖಜಾನೆ ನೆನಪಾಗುತ್ತದೆ. ಖಜಾನೆಯ ಭದ್ರತಾ ಕೊಠಡಿಗೆ ಜೋಡಿ ಬೀಗ. ಒಂದು ಕೀಲಿ ಅಧಿಕಾರಿಯ ಬಳಿ, ಇನ್ನೊಂದು ಖಜಾಂಚಿಯ ಬಳಿ. ಕೊಠಡಿಯ ಗೋಡೆ, ತಾರಸಿ, ಕಿಟಕಿ ಸರಳುಗಳು ಗಟ್ಟಿಯಾಗಿವೆಯೆಂದು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಪ್ರಮಾಣಪತ್ರ ಕೊಡಬೇಕು. ಒಮ್ಮೆ ಒಂದು ಬೀಗ ಸವೆದುಹೋಗಿ ಬದಲಿಸಬೇಕಾಯಿತು. ಹೊಸ ಬೀಗ ಬಂದೂ ಬಂತು. ಆದರೆ ಪ್ರಮಾಣಪತ್ರದ ನಮೂನೆಯಲ್ಲಿ ಕಟ್ಟಡದ ವಿವರ ಮತ್ತು ಬೀಗದ ವಿವರ ಒಂದೇ ಹಾಳೆಯಲ್ಲಿದ್ದುದರಿಂದ, ಬೀಗ ಬದಲಾದರೆ ಹಾಳೆ ಬದಲಾಗಬೇಕು, ಹಾಳೆ ಬದಲಾದರೆ ಕಟ್ಟಡವನ್ನು ಮತ್ತೆ ಪರೀಕ್ಷಿಸಬೇಕು ಎಂದು ಮೇಲಿನ ಕಚೇರಿಯೊಂದು ಪಟ್ಟುಹಿಡಿಯಿತು. ಕಡತ ಅತ್ತಿತ್ತ ತಿರುಗಿತು. ಹೊಸ ಬೀಗ ಬೀರುವಿನಲ್ಲೂ ಸವೆದ ಬೀಗ ಬಾಗಿಲಲ್ಲೂ ಹಲವು ತಿಂಗಳು ಇದ್ದವು. ಅದರೊಳಗೆ ಲಕ್ಷಾಂತರ ರೂಪಾಯಿಯ ಛಾಪಾ ಕಾಗದಗಳಿದ್ದವು. ನಿಯಮ ಪಾಲಿಸಿದವರಾರೂ ತಪ್ಪಿತಸ್ಥರಲ್ಲ. ತಪ್ಪು ಇದ್ದದ್ದು ನಮೂನೆಯಲ್ಲಿ.

ವಿಮಾನಗಳ ವಿಷಯದಲ್ಲಿ ‘ಹಾಳೆ’ಯನ್ನು ಎರಡಾಗಿಸುವ ವಿದ್ಯೆ ಹೊಸದೇನಲ್ಲ. 1981ರಲ್ಲಿಯೇ ಜಾನ್ ರಶ್ಬಿ ಎಂಬ ಕಂಪ್ಯೂಟರ್ ವಿಜ್ಞಾನಿ ‘ಸೆಪರೇಷನ್ ಕರ್ನಲ್’ ಎಂಬ ಕಲ್ಪನೆಯನ್ನು ಮಂಡಿಸಿದರು. ಒಂದೇ ಕಂಪ್ಯೂಟರಿನೊಳಗೆ ಗೋಡೆಗಳಿರುವ ಕೋಣೆಗಳನ್ನು ಮಾಡಿ, ಒಂದು ಕೋಣೆಯದು ಇನ್ನೊಂದಕ್ಕೆ ಗೊತ್ತುಪಡಿಸಿದ ಕಿಂಡಿಯ ಮೂಲಕವಲ್ಲದೆ ದಾಟದಂತೆ ಕಾಯುವ ಪುಟ್ಟ ತಂತ್ರಾಂಶ ಅದು. ಪುಟ್ಟದಾಗಿರುವುದರಿಂದ ಅದನ್ನು ಕೂಲಂಕಷವಾಗಿ ಪರೀಕ್ಷಿಸಬಹುದು. ಸರಿಸುಮಾರು ಇದೇ ವಿಚಾರವನ್ನು ಸುರಕ್ಷತೆಯ ಕಡೆಯಿಂದ 1990ರ ದಶಕದ ‘ಎಆರ್‌ಐಎನ್‌ಸಿ-653’ ಮಾನದಂಡ ತಂದಿತು: ಪ್ರತಿ ಕೆಲಸಕ್ಕೂ ನಿಗದಿತ ಸಮಯ, ನಿಗದಿತ ಸ್ಮೃತಿಕೋಶ, ಒಬ್ಬ ಎಡವಿದರೆ ಪಕ್ಕದವನು ಬೀಳಬಾರದು. 2005ರ ‘ಡಿಒ-297’ ಮಾರ್ಗಸೂಚಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಕೋಣೆಗೂ ಪ್ರತ್ಯೇಕವಾಗಿ ಒಪ್ಪಿಗೆ ನೀಡಿ, ಬದಲಾಗದ ಕೋಣೆಗಳ ಹಳೆಯ ಒಪ್ಪಿಗೆಯನ್ನು ಉಳಿಸಿಕೊಳ್ಳುವ ದಾರಿ ತೋರಿತು. ಅಮೆರಿಕದ ‘ಇಂಟೆಗ್ರಿಟಿ-178ಬಿ’ ಎಂಬ ತಂತ್ರಾಂಶ ಇಂಥದ್ದೇ ತಳಹದಿ. ಅದು ವಿಮಾನ ಸುರಕ್ಷತೆಯ ಪರೀಕ್ಷೆಯನ್ನೂ 2008ರಲ್ಲಿ ಉನ್ನತ ದರ್ಜೆಯ ಭದ್ರತಾ ಪರೀಕ್ಷೆಯನ್ನೂ ತೇರ್ಗಡೆಯಾಯಿತು. ಎಫ್-35 ಯುದ್ಧ ವಿಮಾನದಲ್ಲಿ ಬಳಕೆಯಾಗುತ್ತಿದೆ.

ಹಾಗೆಂದು ಕೋಣೆ ಕಟ್ಟಿದರೆ ಎಲ್ಲವೂ ಮುಗಿಯಿತೆಂದಲ್ಲ. 2018ರ ಜನವರಿಯಲ್ಲಿ ಬೆಳಕಿಗೆ ಬಂದ ‘ಸ್ಪೆಕ್ಟರ್’ ಮತ್ತು ‘ಮೆಲ್ಟ್‌ಡೌನ್’ ದೋಷಗಳು, ಸಂಸ್ಕಾರಕದ ಒಳಗಿನ ಗೋಡೆಗಳು ನಾವಂದುಕೊಂಡಷ್ಟು ದಪ್ಪವಲ್ಲ ಎಂದು ತೋರಿಸಿಕೊಟ್ಟವು. ಹಲವು ತಿರುಳುಗಳಿರುವ ಚಿಪ್‌ಗಳಲ್ಲಿ ಒಂದರ ಕೆಲಸ ಇನ್ನೊಂದರ ವೇಗದ ಮೇಲೆ ಪರಿಣಾಮ ಬೀರುತ್ತದೆ. ಆ ವ್ಯತ್ಯಾಸದಿಂದಲೇ ಗುಟ್ಟನ್ನು ಊಹಿಸುವ ನಿಪುಣರಿದ್ದಾರೆ. ಆದ್ದರಿಂದ ಕೀಲಿಗಳನ್ನು ಇರಿಸುವ ಭಾಗವನ್ನು ಬೇರೆಯದೇ ಚಿಪ್‌ನಲ್ಲಿ, ಕಳಚಿ ತೆಗೆಯಬಹುದಾದ ಪುಟ್ಟ ಪೆಟ್ಟಿಗೆಯಲ್ಲಿ ಇರಿಸುವುದೇ ವಿವೇಕ. ಮುಖ್ಯ ಕಂಪ್ಯೂಟರಿನ ದೃಷ್ಟಿಯಲ್ಲಿ ಆ ಪೆಟ್ಟಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿರಬೇಕು. ಅದು ಕೆಟ್ಟರೆ ವಿಮಾನ ಹಾರುತ್ತಲೇ ಇರಬೇಕು. ಪೈಲಟ್ ಒಂದು ಸ್ವಿಚ್ ಒತ್ತಿ ಬಹಿರಂಗ ರೇಡಿಯೊದಲ್ಲಿ ಮಾತನಾಡುವಂತಿರಬೇಕು.

ಈ ಕೊನೆಯ ಅಂಶ ಬೆಂಗಳೂರಿನವರಿಗೆ ಸುಲಭವಾಗಿ ಅರ್ಥವಾದೀತು. ಯಲಹಂಕದ ವಾಯುನೆಲೆ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಎಷ್ಟು ಸಮೀಪವೆಂದರೆ ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಿ ನಾಗರಿಕ ವಿಮಾನಗಳ ವೇಳೆಯನ್ನೇ ಬದಲಿಸಬೇಕಾಗುತ್ತದೆ. ನಾಗರಿಕ ವಿಮಾನ ಸಂಚಾರ ನಿಯಂತ್ರಣದ ಮಾತುಕತೆಯಲ್ಲಿ ಗುಟ್ಟಿಲ್ಲ. ಗುಟ್ಟಿರಲೂಬಾರದು. ಒಬ್ಬ ಪೈಲಟ್‌ಗೆ ಕೊಟ್ಟ ಸೂಚನೆ ಸುತ್ತಲಿನ ಎಲ್ಲ ಪೈಲಟ್‌ಗಳ ಕಿವಿಗೂ ಬೀಳುವುದರಿಂದಲೇ ಎಷ್ಟೋ ಡಿಕ್ಕಿಗಳು ತಪ್ಪಿವೆ. ಅದೇ ಆಕಾಶದಲ್ಲಿ ಹಾರುವ ಯುದ್ಧ ವಿಮಾನ ಒಂದು ಕಿವಿಯಲ್ಲಿ ಬಹಿರಂಗವನ್ನೂ ಇನ್ನೊಂದು ಕಿವಿಯಲ್ಲಿ ರಹಸ್ಯವನ್ನೂ ಕೇಳಬೇಕು, ಒಂದರ ಮಾತು ಇನ್ನೊಂದಕ್ಕೆ ಸೋರಬಾರದು.

ಭದ್ರತೆ ಈಗ ನಾಗರಿಕ ವಿಮಾನಗಳ ಪ್ರಶ್ನೆಯೂ ಆಗಿದೆ. ಬೋಯಿಂಗ್ 787ರಲ್ಲಿ ಪ್ರಯಾಣಿಕರ ಜಾಲ ಮತ್ತು ವಿಮಾನ ನಿಯಂತ್ರಣದ ಜಾಲಗಳ ನಡುವೆ ಪ್ರತ್ಯೇಕತೆ ಇರಲೇಬೇಕೆಂದು ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎ 2008ರಲ್ಲಿ ವಿಶೇಷ ಷರತ್ತು ಹಾಕಿತು. ಆಮೇಲೆ ಬಂದ ಮಾದರಿಗಳಿಗೂ ಹೀಗೆಯೇ ಬಿಡಿಬಿಡಿಯಾಗಿ ಷರತ್ತು ಬರೆಯುವುದು ವಾಡಿಕೆಯಾಯಿತು. ಈ ಪದ್ಧತಿ ದುಬಾರಿ, ಇದರ ಬದಲು ಎಲ್ಲರಿಗೂ ಒಂದೇ ನಿಯಮವಿರಲಿ ಎಂದು 2024ರ ಆಗಸ್ಟ್‌ನಲ್ಲಿ ಅದೇ ಪ್ರಾಧಿಕಾರ ಕರಡು ಪ್ರಕಟಿಸಿತು. ಯುರೋಪ್ 2020ರಲ್ಲಿಯೇ ತನ್ನ ಪ್ರಮಾಣೀಕರಣ ನಿಯಮಗಳಲ್ಲಿ ಇದನ್ನು ಸೇರಿಸಿತ್ತು. ಸರಳೀಕರಣವೆಂದರೆ ಹೀಗಿರಬೇಕು: ಬೇಡಿಕೆ ಕಡಿಮೆಯಾಗಬಾರದು, ಅದು ಮೊದಲೇ ಗೊತ್ತಿರಬೇಕು.

ಸರಳೀಕರಣದ ಹೆಸರಿನಲ್ಲಿ ಇನ್ನೊಂದು ಬಗೆಯದೂ ನಡೆಯುತ್ತದೆ. ಪರೀಕ್ಷಿಸುವ ಕೆಲಸವನ್ನು ತಯಾರಕರಿಗೇ ಒಪ್ಪಿಸಿ ನಿಯಂತ್ರಕರು ಸಹಿ ಮಾತ್ರ ಹಾಕುವುದು. ಬೋಯಿಂಗ್ 737 ಮ್ಯಾಕ್ಸ್ ವಿಮಾನದಲ್ಲಿ ಅದರ ಫಲ ಕಂಡಿತು. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನ ಎರಡು ದುರಂತಗಳಲ್ಲಿ 346 ಮಂದಿ ಪ್ರಾಣ ಕಳೆದುಕೊಂಡರು. ಹಳೆಯ ಮಾದರಿಯ ಮುಂದುವರಿಕೆಯೆಂದು ತೋರಿಸಿ, ಹೊಸ ತಂತ್ರಾಂಶವೊಂದರ ನಿಜವಾದ ಶಕ್ತಿ ಪರೀಕ್ಷಕರ ಕಣ್ಣಿಗೆ ಪೂರ್ತಿಯಾಗಿ ಬೀಳದಂತಾಗಿತ್ತು. 2020ರ ಡಿಸೆಂಬರಿನಲ್ಲಿ ಅಮೆರಿಕ ಸಂಸತ್ತು ಕಾನೂನನ್ನೇ ಬಿಗಿಗೊಳಿಸಬೇಕಾಯಿತು. ಕೋಣೆಗಳನ್ನು ಬೇರ್ಪಡಿಸಿ ಪರೀಕ್ಷೆಯ ಹೊರೆ ಇಳಿಸುವುದು ಒಂದು ದಾರಿ. ಪರೀಕ್ಷಕನ ಕಣ್ಣು ಕಟ್ಟಿ ಹೊರೆ ಇಳಿಸುವುದು ಇನ್ನೊಂದು. ಕಡತದಲ್ಲಿ ಎರಡಕ್ಕೂ ‘ಸರಳೀಕರಣ’ ಎಂದೇ ಬರೆದಿರುತ್ತದೆ.

ನಮ್ಮ ದೇಶದಲ್ಲಿ ಸೇನಾ ವಿಮಾನಗಳ ವಾಯುಯೋಗ್ಯತೆಯನ್ನು ನಿರ್ಧರಿಸುವ ಸೆಮಿಲ್ಯಾಕ್ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ತೇಜಸ್ ವಿನ್ಯಾಸಗೊಳಿಸಿದ ಎಡಿಎ, ತಯಾರಿಸುವ ಎಚ್‌ಎಎಲ್, ರೇಡಿಯೊಗಳನ್ನು ತಯಾರಿಸುವ ಬಿಇಎಲ್ ಎಲ್ಲವೂ ಇದೇ ನಗರದಲ್ಲಿವೆ. ಆದರೆ ಗೂಢಲಿಪಿಯ ಬಲಾಬಲವನ್ನು ತೂಗುವ ಡಿಆರ್‌ಡಿಒ ಪ್ರಯೋಗಾಲಯ ದೆಹಲಿಯಲ್ಲಿದೆ. ದೂರ ದೊಡ್ಡದಲ್ಲ. ಪ್ರಶ್ನೆ ಇರುವುದು, ಒಬ್ಬರು ಒಪ್ಪಿದ ಸಾಕ್ಷ್ಯವನ್ನು ಇನ್ನೊಬ್ಬರು ಎಷ್ಟರಮಟ್ಟಿಗೆ ಒಪ್ಪಬೇಕು ಎಂಬಲ್ಲಿ. ಸೆಮಿಲ್ಯಾಕ್ 2002ರ ಹಳೆಯ ಕಾರ್ಯವಿಧಾನವನ್ನು ಬದಿಗಿಟ್ಟು 2021ರ ‘ಐಎಂಟಿಎಆರ್-21’ ನಿಯಮಾವಳಿಯನ್ನು ತಂದಿದೆ. ಅರ್ಹ ವಿನ್ಯಾಸ ಸಂಸ್ಥೆಗಳಿಗೆ ಮಾನ್ಯತೆ ನೀಡಿ ಕೆಲವು ಹೊಣೆಗಳನ್ನು ಅವುಗಳಿಗೆ ವಹಿಸುವ ಅವಕಾಶವೂ ಅದರಲ್ಲಿದೆ. ಇದು ಸ್ವಾಗತಾರ್ಹ. ಆದರೆ ಸೆಮಿಲ್ಯಾಕ್ ಸ್ವತಃ ಡಿಆರ್‌ಡಿಒದ ಅಂಗ; ಪರೀಕ್ಷೆಗೆ ಬರುವ ಸಾಧನಗಳಲ್ಲಿ ಹಲವು ಅದೇ ಡಿಆರ್‌ಡಿಒದ ಪ್ರಯೋಗಾಲಯಗಳಲ್ಲಿ ರೂಪುಗೊಂಡವು. ಅಲ್ಲಿನ ಎಂಜಿನಿಯರುಗಳ ನಿಷ್ಠೆಯ ಬಗೆಗೆ ನನಗೆ ಕಿಂಚಿತ್ತೂ ಸಂಶಯವಿಲ್ಲ. ಆದರೂ ಹೊಣೆಗಳನ್ನು ಹೊರಗೆ ವಹಿಸುವ ಮೊದಲು ಪರೀಕ್ಷಕನ ಸ್ವಾತಂತ್ರ್ಯವನ್ನು ಗಟ್ಟಿಮಾಡುವುದು ಲೇಸು.

ತೇಜಸ್ ಮಾರ್ಕ್-1ಎ ವಿಮಾನಗಳ ವಿಳಂಬಕ್ಕೆ ಪ್ರಮಾಣೀಕರಣವನ್ನೇ ದೂರುವ ಪ್ರವೃತ್ತಿ ಕೆಲವರಲ್ಲಿದೆ. ಅದು ನ್ಯಾಯವಲ್ಲ. 2021ರ ಫೆಬ್ರವರಿಯಲ್ಲಿ 83 ವಿಮಾನಗಳಿಗೆ ಒಪ್ಪಂದವಾಗಿ, 2024ರ ಮಾರ್ಚ್‌ನಲ್ಲಿ ಮೊದಲನೆಯದು ಹಸ್ತಾಂತರವಾಗಬೇಕಿತ್ತು. ತಪ್ಪಿದ್ದಕ್ಕೆ ಅಮೆರಿಕದಿಂದ ಎಂಜಿನ್‌ಗಳು ಸಕಾಲದಲ್ಲಿ ಬಾರದಿದ್ದುದು ಮುಖ್ಯ ಕಾರಣ.

ಅವಸರವೇಕೆ ಎಂದು ಕೇಳುವವರು 1999ರ ಕೊಸೊವೊ ಯುದ್ಧವನ್ನು ನೋಡಬಹುದು. ನ್ಯಾಟೊ ರಾಷ್ಟ್ರಗಳ ವಿಮಾನಗಳ ಗೂಢ ರೇಡಿಯೊಗಳು ಪರಸ್ಪರ ಹೊಂದಿಕೆಯಾಗದೆ ಬಹಿರಂಗ ಸಂವಹನವನ್ನೇ ಬಳಸಬೇಕಾಯಿತು, ಇದರಿಂದ ಕಾರ್ಯಾಚರಣೆಯ ಗೋಪ್ಯತೆಗೆ ಧಕ್ಕೆಯಾಯಿತು ಎಂದು ಅಮೆರಿಕದ ರಕ್ಷಣಾ ಇಲಾಖೆಯೇ 2000ದಲ್ಲಿ ಸಂಸತ್ತಿಗೆ ವರದಿ ಮಾಡಿತು. ಅದಕ್ಕೂ ಮೊದಲು ವಿಯೆಟ್ನಾಂನಲ್ಲಿ ‘ನೆಸ್ಟರ್’ ಎಂಬ ಗೂಢ ಧ್ವನಿ ಸಾಧನಗಳನ್ನು ವಿಮಾನಗಳಿಗೆ ಅಳವಡಿಸಿದ್ದರೂ, ರೇಡಿಯೊದ ವ್ಯಾಪ್ತಿ ಕುಗ್ಗುತ್ತದೆ, ಮಾತು ತಡವಾಗುತ್ತದೆ ಎಂದು ಅನೇಕ ಪೈಲಟ್‌ಗಳು ಅವನ್ನು ಆರಿಸಿಯೇ ಹಾರುತ್ತಿದ್ದರು. ಹಾರಾಟಕ್ಕೆ ತೊಡಕಾಗುವ ಭದ್ರತೆಯನ್ನು ಮನುಷ್ಯ ಬದಿಗೆ ಸರಿಸುತ್ತಾನೆ.

ಭಾರತದ ಸ್ಥಿತಿಯಲ್ಲಿ ಇನ್ನೊಂದು ತೊಡಕಿದೆ. ಸಿ-130ಜೆ ಮೊದಲಾದ ಅಮೆರಿಕದ ವಿಮಾನಗಳನ್ನು ನಾವು ಕೊಂಡಾಗ ಸಂವಹನ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲವಾದ್ದರಿಂದ ಅವು ವಾಣಿಜ್ಯ ದರ್ಜೆಯ ರೇಡಿಯೊಗಳೊಂದಿಗೆ ಬಂದವು. 2018ರ ಸೆಪ್ಟೆಂಬರ್ 6ರಂದು ‘ಕಾಮ್‌ಕಾಸಾ’ ಒಪ್ಪಂದವಾದ ಮೇಲೆ ಅಮೆರಿಕದ ಗೂಢ ಸಾಧನಗಳಿಗೆ ದಾರಿಯಾಯಿತು. ಉಪಯೋಗವಿದೆ, ಆದರೆ ಆ ಪೆಟ್ಟಿಗೆಯ ಒಳಗನ್ನು ನಾವು ನೋಡುವಂತಿಲ್ಲ. ರಷ್ಯಾ, ಫ್ರಾನ್ಸ್, ಅಮೆರಿಕ ಮತ್ತು ಸ್ವದೇಶಿ ಮೂಲದ ವಿಮಾನಗಳು ಒಂದೇ ಆಕಾಶದಲ್ಲಿ ಗುಟ್ಟಾಗಿ ಮಾತನಾಡಬೇಕಾದರೆ ಭಾರತದ್ದೇ ಆದ ಗೂಢಲಿಪಿ ಪೆಟ್ಟಿಗೆ ಅವೆಲ್ಲವುಗಳಲ್ಲೂ ಕೂರಬೇಕು. ಪ್ರತಿ ವಿಮಾನದಲ್ಲೂ ಅದಕ್ಕಾಗಿ ಸುರಕ್ಷತೆಯ ಪರೀಕ್ಷೆಯನ್ನು ಮೊದಲಿನಿಂದ ಮಾಡುತ್ತ ಕುಳಿತರೆ ಅದು ಈ ಪೀಳಿಗೆಯಲ್ಲಿ ಮುಗಿಯದ ಕೆಲಸ. ತಂತ್ರಾಂಶ ಆಧಾರಿತ ರೇಡಿಯೊಗಳಿಗೆ ‘ಐಆರ್‌ಎಸ್‌ಎ’ ಎಂಬ ಭಾರತೀಯ ಮಾನದಂಡವನ್ನು ಡಿಆರ್‌ಡಿಒ 2025ರಲ್ಲಿ ಪ್ರಕಟಿಸಿರುವುದು ಸರಿಯಾದ ದಿಕ್ಕಿನ ಹೆಜ್ಜೆ.

ಇನ್ನು ಬೇಕಿರುವುದು ದೊಡ್ಡ ಹಣವಲ್ಲ. ಮೊದಲನೆಯದಾಗಿ, ಖರೀದಿ ಒಪ್ಪಂದದ ತಾಂತ್ರಿಕ ವಿವರಣೆಯಲ್ಲಿಯೇ ಗೂಢಲಿಪಿಯ ಭಾಗ ಹಾರಾಟದ ಭಾಗದಿಂದ ಬೇರ್ಪಟ್ಟಿರಬೇಕು, ಅದನ್ನು ಬದಲಿಸಿದಾಗ ಉಳಿದದ್ದರ ಪ್ರಮಾಣಪತ್ರ ಊರ್ಜಿತವಾಗಿರಬೇಕು ಎಂಬ ಷರತ್ತು. ಇದನ್ನು ವಿನ್ಯಾಸ ಮುಗಿದ ಮೇಲೆ ಸೇರಿಸಲಾಗದು. ಜೊತೆಗೆ, ವಾಯುಯೋಗ್ಯತೆಯ ಪರೀಕ್ಷಕರೂ ಗೂಢಲಿಪಿಯ ಪರೀಕ್ಷಕರೂ ಯೋಜನೆಯ ಮೊದಲ ದಿನವೇ ಕುಳಿತು, ಯಾವ ಗೋಡೆಯನ್ನು ಯಾರು ಪರೀಕ್ಷಿಸುತ್ತಾರೆ, ಆ ಪರೀಕ್ಷೆಯ ಯಾವ ಫಲಿತಾಂಶವನ್ನು ಇನ್ನೊಬ್ಬರು ಮತ್ತೆ ಕೇಳದೆ ಸ್ವೀಕರಿಸುತ್ತಾರೆ ಎಂದು ಬರೆದು ಸಹಿ ಹಾಕಬೇಕು. ರಕ್ಷಣಾ ಸಚಿವಾಲಯದ ಒಂದು ಆದೇಶಪತ್ರ ಸಾಕು. ಅದನ್ನು ಹೊರಡಿಸಲು ಎಷ್ಟು ಸಭೆಗಳಾಗುತ್ತವೆ ಎಂಬುದನ್ನು ನನ್ನಂಥವರು ಬಲ್ಲರು, ಆ ಮಾತು ಬೇರೆ.

2025ರ ಸೆಪ್ಟೆಂಬರಿನಲ್ಲಿ ಇನ್ನೂ 97 ಮಾರ್ಕ್-1ಎ ವಿಮಾನಗಳಿಗೆ 62,370 ಕೋಟಿ ರೂಪಾಯಿಗಳ ಒಪ್ಪಂದಕ್ಕೆ ಸಹಿಯಾಗಿದೆ. 2027–28ರಿಂದ ಅವುಗಳ ಹಸ್ತಾಂತರ ಆರಂಭವಾಗಬೇಕು. ಕಾಮ್‌ಕಾಸಾದ ಹತ್ತು ವರ್ಷಗಳ ಅವಧಿ ತುಂಬುವುದೂ 2028ರಲ್ಲಿಯೇ. ಆ ವಿಮಾನಗಳೊಳಗಿನ ಪೆಟ್ಟಿಗೆಗಳ ನಕ್ಷೆಗಳು ಅಂತಿಮವಾಗುವ ಮುನ್ನವೇ ಈ ಷರತ್ತನ್ನು ಸೇರಿಸಬೇಕು.